ಡೇಟಾಬೇಸಿನಲ್ಲಿ ಟೇಬಲ್ ಮಾಡುವುದು ಹೇಗೆ: ಹಾಲಿನ ಡೈರಿಯ ಲೆಕ್ಕ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಮೊದಲ ಸಲ ಒಂದು ಹಳ್ಳಿಯ ಹಾಲಿನ ಡೈರಿಗೆ ಲೆಕ್ಕದ ಪ್ರೋಗ್ರಾಂ ಮಾಡಿಕೊಟ್ಟಾಗ ನಾನು ಎಲ್ಲವನ್ನೂ ಒಂದೇ ಟೇಬಲ್ಲಿಗೆ ತುರುಕಿದ್ದೆ. ಸದಸ್ಯರ ಹೆಸರು, ಫೋನು, ಬ್ಯಾಂಕ್ ಖಾತೆ, ತಾರೀಖು, ಲೀಟರ್, ಫ್ಯಾಟ್, ದರ, ಎಲ್ಲಾ ಒಂದೇ ಸಾಲಿನಲ್ಲಿ. ಅವರ ಹತ್ತಿರ ಒಂದು ಎಕ್ಸೆಲ್ ಹಾಳೆ ಇತ್ತು. ಅದನ್ನೇ ಎತ್ತಿ ಡೇಟಾಬೇಸಿಗೆ ಸುರಿದಿದ್ದೆ ಅಷ್ಟೆ.

ಮೂರು ತಿಂಗಳು ಚೆನ್ನಾಗೇ ನಡೆಯಿತು. ನಾಲ್ಕನೇ ತಿಂಗಳು ಬಟವಾಡೆ ದಿನ ಒಬ್ಬ ಅಜ್ಜಿ ಪಾಸ್‌ಬುಕ್ ಹಿಡಿದುಕೊಂಡು ಬಂದರು. ಹೆಸರು ಸಿದ್ದಮ್ಮ ಅಂತಿಟ್ಟುಕೊಳ್ಳಿ. ಪಟ್ಟಿಯಲ್ಲಿ ಅವರು ಮೂರು ಜನ ಆಗಿದ್ದರು: ಒಂದು ಕಡೆ ಸಿದ್ದಮ್ಮ, ಇನ್ನೊಂದು ಕಡೆ ಸಿದ್ಧಮ್ಮ, ಮತ್ತೊಂದು ಕಡೆ ಸಿದ್ದಮ್ಮ ಅನ್ನುವುದರ ಮುಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ. ಹದಿನೈದು ದಿನದ ಹಾಲು ಮೂರು ಪಾಲಾಗಿತ್ತು. ಅದರಲ್ಲಿ ಒಂದು ಪಾಲಿಗೆ ಮಾತ್ರ ದುಡ್ಡು ಬಂದಿತ್ತು. ಖಾತೆ ಸಂಖ್ಯೆಯ ಮುಂದಿದ್ದ ಸೊನ್ನೆಯನ್ನು ಎಕ್ಸೆಲ್ ಯಾವತ್ತೋ ನುಂಗಿಬಿಟ್ಟಿತ್ತು, ಅದು ಬೇರೆ ಕಥೆ.

ಈ ಎಡವಟ್ಟಿನಲ್ಲಿ ಕಂಪ್ಯೂಟರಿನ ತಪ್ಪು ಏನೂ ಇರಲಿಲ್ಲ. ಟೇಬಲ್ ಮಾಡುವಾಗ ನಾನು ಒಂದು ಪ್ರಶ್ನೆ ಕೇಳಿಕೊಂಡಿರಲಿಲ್ಲ. ಈ ಟೇಬಲ್ಲಿನ ಒಂದು ಸಾಲು ಅಂದ್ರೆ ಏನು? ಉಳಿದ ಕೆಲಸ ಎಲ್ಲಾ ಈ ಪ್ರಶ್ನೆಯ ಹಿಂದೇ ಬರುತ್ತದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

## ಮೊದಲು ಪೆನ್ನು, ಆಮೇಲೆ ಕೀಬೋರ್ಡು

ಒಂದು ಬಿಳಿ ಹಾಳೆ ತಗೊಳ್ಳಿ. ಡೈರಿಯಲ್ಲಿ ದಿನಾ ಏನು ನಡೆಯುತ್ತದೆ ಅಂತ ನಿಮ್ಮ ಮಾತಿನಲ್ಲೇ ಬರೆಯಿರಿ. ನಾನು ಬರೆದದ್ದು ಹೀಗಿತ್ತು: "ಬೆಳಗ್ಗೆ, ಸಂಜೆ ಸದಸ್ಯರು ಹಾಲು ತಂದು ಹಾಕುತ್ತಾರೆ. ಲೀಟರ್ ಅಳೆಯುತ್ತಾರೆ. ಫ್ಯಾಟ್, ಎಸ್‌ಎನ್‌ಎಫ್ (ಫ್ಯಾಟ್, ಅಂದ್ರೆ ಕೊಬ್ಬು, ಬಿಟ್ಟು ಉಳಿದ ಘನಾಂಶ) ನೋಡುತ್ತಾರೆ. ಅದರ ಮೇಲೆ ದರ. ಕೆಲವು ದಿನಕ್ಕೊಮ್ಮೆ ಬಟವಾಡೆ."

ಇದರಲ್ಲಿ ಬೇರೆ ಬೇರೆಯಾಗಿ ಬದುಕುವ ಸಂಗತಿಗಳು ಯಾವುವು ನೋಡಿ. ಸದಸ್ಯರು ವರ್ಷಗಟ್ಟಲೆ ಇರುತ್ತಾರೆ. ಹಾಲು ದಿನಕ್ಕೆರಡು ಸಲ ಬರುತ್ತದೆ. ಬಟವಾಡೆ ಆಗೊಮ್ಮೆ ಈಗೊಮ್ಮೆ. ಮೂರರ ವೇಗವೂ ಬೇರೆ, ಹಾಗಾಗಿ ಟೇಬಲ್ಲೂ ಮೂರು.

ಈಗ ಪ್ರತಿಯೊಂದಕ್ಕೂ ಒಂದೊಂದು ವಾಕ್ಯ:

ಸದಸ್ಯರು: ಒಂದು ಸಾಲು ಅಂದ್ರೆ ಡೈರಿಯ ಒಬ್ಬ ಸದಸ್ಯ.
ಹಾಲು: ಒಂದು ಸಾಲು ಅಂದ್ರೆ ಒಬ್ಬ ಸದಸ್ಯ ಒಂದು ದಿನ ಒಂದು ಹೊತ್ತು ಹಾಕಿದ ಹಾಲು.
ಬಟವಾಡೆ: ಒಂದು ಸಾಲು ಅಂದ್ರೆ ಒಬ್ಬ ಸದಸ್ಯನಿಗೆ ಒಂದು ಅವಧಿಗೆ ಕೊಟ್ಟ ದುಡ್ಡು.

ಎರಡನೇ ವಾಕ್ಯ ಸರಿ ಇದೆ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಅದರ ಪ್ರಕಾರವೇ ಟೇಬಲ್ ಮಾಡಿ ಕೊಟ್ಟೆ. ಮಾರನೇ ದಿನ ಬೆಳಗ್ಗೆ ಆರೂವರೆಗೆ ಕಾರ್ಯದರ್ಶಿಯವರ ಫೋನು: "ಸಾರ್, ಇವರು ಎರಡು ಕ್ಯಾನು ತಂದಿದ್ದಾರೆ. ಒಂದು ಹಸುವಿಂದು, ಒಂದು ಎಮ್ಮೆದು. ಎರಡನೇದು ಹತ್ತಿಸೋಕೆ ಆಗ್ತಾ ಇಲ್ಲ. ಹಿಂದೆ ಲೈನು ನಿಂತಿದೆ." ಎಮ್ಮೆ ಹಾಲಿನ ಫ್ಯಾಟ್ ಬೇರೆ, ದರ ಬೇರೆ. ಎರಡನ್ನೂ ಕೂಡಿಸಿ ಒಂದು ಸಾಲು ಮಾಡುವ ಹಾಗಿಲ್ಲ. ವಾಕ್ಯ ಹೀಗಿರಬೇಕಿತ್ತು: ಒಬ್ಬ ಸದಸ್ಯ, ಒಂದು ದಿನ, ಒಂದು ಹೊತ್ತು, ಒಂದು ಬಗೆಯ ಹಾಲು. ಒಂದು ಪದ ಬಿಟ್ಟಿದ್ದಕ್ಕೆ ಲೈನು ನಿಂತಿತ್ತು.

ಅದಕ್ಕೇ ಹೇಳೋದು, ಈ ವಾಕ್ಯವನ್ನು ಬರೆದು ಮೇಜಿನ ಆಚೆ ಕೂತವರಿಗೆ ಓದಿ ಹೇಳಿ. ಹಾಲು ಅಳೆಯುವವರಿಗೆ ಗೊತ್ತಿರುವುದು ಪ್ರೋಗ್ರಾಂ ಬರೆಯುವವರಿಗೆ ಗೊತ್ತಿರುವುದಿಲ್ಲ.

## ಏನೇನು ಬೇಕು

ನಾನಿಲ್ಲಿ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಪ್ರೋಗ್ರಾಂ ಬಳಸುತ್ತಿದ್ದೇನೆ. ಪುಕ್ಕಟೆ, ಗಟ್ಟಿ, ತಪ್ಪು ಮಾಡಿದರೆ ಮುಲಾಜಿಲ್ಲದೆ ಬೈಯುತ್ತದೆ. ಜೊತೆಗೆ ಪಿಜಿ ಅಡ್ಮಿನ್ ಹಾಕಿಕೊಳ್ಳಿ, ಅಪ್ಪಣೆಗಳನ್ನು ಟೈಪ್ ಮಾಡುವುದು ಅದರಲ್ಲೇ. ವಿಂಡೋಸಿನ ಕಪ್ಪು ಪರದೆಯಲ್ಲಿ ಕನ್ನಡ ಸರಿಯಾಗಿ ಮೂಡದೆ ತಲೆನೋವಾಗುತ್ತದೆ, ಪಿಜಿ ಅಡ್ಮಿನ್‌ನಲ್ಲಿ ಆ ತೊಂದರೆ ಇಲ್ಲ. ಹೊಸ ಡೇಟಾಬೇಸ್ (ಹೆಸರು "ಡೈರಿ") ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್8 ಇದೆಯಾ ನೋಡಿಕೊಳ್ಳಿ, ಕನ್ನಡ ಅಕ್ಷರ ಸರಿಯಾಗಿ ಉಳಿಯಲು ಅದು ಬೇಕು. ಇಷ್ಟೇ ತಯಾರಿ.

ಕೋಡಿನ ಬಗ್ಗೆ ಒಂದು ಮಾತು. ಕ್ರಿಯೇಟ್ ಟೇಬಲ್, ನಾಟ್ ನಲ್, ಚೆಕ್ ಮುಂತಾದ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಅಪ್ಪಣೆ ಕೊಡುವ ಭಾಷೆ) ಪದಗಳನ್ನು ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಇಲ್ಲಿ ಬಾಯಲ್ಲಿ ಹೇಳಿಕೊಡುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಆದರೆ ಟೇಬಲ್ಲಿನ ಹೆಸರು, ಕಾಲಂ ಹೆಸರು ಇದ್ದ ಹಾಗೇ ಕನ್ನಡದಲ್ಲೇ ಹೊಡೆಯಬಹುದು. ಹೌದು, ನಡೆಯುತ್ತದೆ. ಪೋಸ್ಟ್‌ಗ್ರೆಸ್ ಕನ್ನಡ ಹೆಸರನ್ನು ಯಾವ ತಕರಾರೂ ಇಲ್ಲದೆ ಒಪ್ಪುತ್ತದೆ. ಇಂಗ್ಲಿಷ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತ ಒಂದು ರಗಳೆ ಇದೆ. ನಮ್ಮಲ್ಲಿ ಅದೂ ಇಲ್ಲ.

ಒಂದೇ ಎಚ್ಚರಿಕೆ: ಹೆಸರು ಚಿಕ್ಕದಿರಲಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಹೆಸರಿಗೆ 63 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರ, ಕಾಗುಣಿತದ ಚಿಹ್ನೆ, ಒತ್ತಕ್ಷರ ಮಾಡುವ ವಿರಾಮ (್), ಪ್ರತಿಯೊಂದಕ್ಕೂ ಮೂರು ಮೂರು ಬೈಟ್. ನಾನೊಮ್ಮೆ "ಬೆಳಗಿನ_ಹಾಲಿನ_ಲೀಟರ್_ಪ್ರಮಾಣ" ಅಂತ ಉತ್ಸಾಹದಲ್ಲಿ ಹೆಸರಿಟ್ಟೆ. 69 ಬೈಟ್ ಆಯಿತು. ಪೋಸ್ಟ್‌ಗ್ರೆಸ್ ಒಂದು ಸಣ್ಣ ಸೂಚನೆ ಕೊಟ್ಟು ಬಾಲ ಕತ್ತರಿಸಿತು. ಟೇಬಲ್ ತೆರೆದು ನೋಡಿದರೆ "ಬೆಳಗಿನ_ಹಾಲಿನ_ಲೀಟರ್_ಪ್ರಮ". ಈಗ ಸುಮ್ನೆ "ಲೀಟರ್" ಅಂತ ಇಡುತ್ತೇನೆ.

ನಾಳೆ ಕನ್ನಡ ಬಾರದ ಇನ್ನೊಬ್ಬರು ಈ ಪ್ರೋಗ್ರಾಂ ನೋಡಿಕೊಳ್ಳಬೇಕು ಅಂತಿದ್ದರೆ ಕಾಲಂ ಹೆಸರು ಇಂಗ್ಲಿಷಿನಲ್ಲೇ ಇಡಿ. ಇದರಲ್ಲಿ ಹಟ ಬೇಡ.

## ಸದಸ್ಯರ ಟೇಬಲ್

```
ಕ್ರಿಯೇಟ್ ಟೇಬಲ್ ಸದಸ್ಯರು (
  ಸದಸ್ಯ_ಐಡಿ   ಇಂಟಿಜರ್ ಜನರೇಟೆಡ್ ಆಲ್ವೇಸ್ ಆಸ್ ಐಡೆಂಟಿಟಿ ಪ್ರೈಮರಿ ಕೀ,
  ಸದಸ್ಯ_ಸಂಖ್ಯೆ  ಟೆಕ್ಸ್ಟ್ ನಾಟ್ ನಲ್ ಯುನೀಕ್,
  ಹೆಸರು       ಟೆಕ್ಸ್ಟ್ ನಾಟ್ ನಲ್ ಚೆಕ್ (ಹೆಸರು = ಟ್ರಿಮ್(ಹೆಸರು) ಆಂಡ್ ಹೆಸರು <> ''),
  ಫೋನು       ಟೆಕ್ಸ್ಟ್,
  ಖಾತೆ_ಸಂಖ್ಯೆ   ಟೆಕ್ಸ್ಟ್,
  ಐಎಫ್ಎಸ್ಸಿ    ಟೆಕ್ಸ್ಟ್ ಚೆಕ್ (ಲೆಂಗ್ತ್(ಐಎಫ್ಎಸ್ಸಿ) = 11),
  ಸಕ್ರಿಯ      ಬೂಲಿಯನ್ ನಾಟ್ ನಲ್ ಡಿಫಾಲ್ಟ್ ಟ್ರೂ
);
```

ಪ್ರತಿ ಸಾಲಿನಲ್ಲೂ ಮೊದಲು ಕಾಲಂ ಹೆಸರು, ಆಮೇಲೆ ಅದರ ಟೈಪ್, ಆಮೇಲೆ ಅದಕ್ಕೆ ಹಾಕಿದ ಕಟ್ಟುಪಾಡು (ಕನ್‌ಸ್ಟ್ರೇಂಟ್): ನಾಟ್ ನಲ್ ಅಂದ್ರೆ ಖಾಲಿ ಬಿಡುವ ಹಾಗಿಲ್ಲ, ಚೆಕ್ ಅಂದ್ರೆ ಈ ಷರತ್ತು ಪಾಲಿಸಬೇಕು. ಸಾಲುಗಳ ನಡುವೆ ಕಾಮಾ. ಕೊನೆಯ ಸಾಲಿಗೆ ಕಾಮಾ ಇಲ್ಲ. ಹೊಸಬರ ಅರ್ಧ ತಪ್ಪುಗಳು ಆ ಕೊನೆಯ ಕಾಮಾದ್ದೇ.

ಐಡಿ ಮತ್ತು ಸದಸ್ಯ ಸಂಖ್ಯೆ ಎರಡೂ ಯಾಕೆ ಅಂತ ಕೇಳಬಹುದು. ಸದಸ್ಯ ಸಂಖ್ಯೆ ಡೈರಿಯವರದು. ಪಾಸ್‌ಬುಕ್ಕಿನ ಮೇಲೆ ಬರೆದಿರುತ್ತದೆ. ಅಪ್ಪ ತೀರಿಕೊಂಡು ಮಗನ ಹೆಸರಿಗೆ ಸದಸ್ಯತ್ವ ಬಂದಾಗ ಅದು ಬದಲಾಗಬಹುದು. ಯಾರೋ ತಪ್ಪು ಬರೆದು ಆಮೇಲೆ ತಿದ್ದಬಹುದು. ಐಡಿ ಡೇಟಾಬೇಸಿನದು. ಅದನ್ನು ಯಾರೂ ನೋಡುವುದಿಲ್ಲ, ಯಾರೂ ತಿದ್ದುವುದಿಲ್ಲ. ಬೇರೆ ಟೇಬಲ್‌ಗಳು ಸದಸ್ಯರನ್ನು ಗುರುತು ಹಿಡಿಯುವುದು ಈ ಐಡಿಯಿಂದ. ಅದೇ ಪ್ರೈಮರಿ ಕೀ. ಸದಸ್ಯ ಸಂಖ್ಯೆಗೆ ಯುನೀಕ್ ಹಾಕಿದ್ದರಿಂದ ಒಂದೇ ಸಂಖ್ಯೆ ಇಬ್ಬರಿಗೆ ಹೋಗುವುದಿಲ್ಲ. ಎರಡೂ ಬೇಕು. ಐಡಿ ಒಂದನ್ನೇ ಇಟ್ಟುಕೊಂಡು ಯುನೀಕ್ ಮರೆತರೆ ಸಿದ್ದಮ್ಮನವರು ಮತ್ತೆ ಮೂರು ಜನ ಆಗುತ್ತಾರೆ, ಮೂರಕ್ಕೂ ಬೇರೆ ಬೇರೆ ಐಡಿ ಸಮೇತ.

ಜನರೇಟೆಡ್ ಆಲ್ವೇಸ್ ಆಸ್ ಐಡೆಂಟಿಟಿ (ನಂಬರನ್ನು ಡೇಟಾಬೇಸೇ ಕೊಡಲಿ ಅಂತ) ಅನ್ನುವುದು ಪೋಸ್ಟ್‌ಗ್ರೆಸ್ 10ರಿಂದ ಬಂದದ್ದು. ಹಳೆಯ ಪಾಠಗಳಲ್ಲಿ ಸೀರಿಯಲ್ ಅಂತ ಇರುತ್ತದೆ. ಅದೂ ಕೆಲಸ ಮಾಡುತ್ತದೆ, ಆದರೆ ಹೊಸದಾಗಿ ಬರೆಯುವಾಗ ಇದನ್ನೇ ಬರೆಯಿರಿ.

ಫೋನು, ಖಾತೆ ಸಂಖ್ಯೆ ಎರಡೂ ಟೆಕ್ಸ್ಟ್. ಅಂಕಿಯಲ್ಲಿ ಬರೆದದ್ದೆಲ್ಲ ಸಂಖ್ಯೆ ಅಲ್ಲ. ಎರಡು ಫೋನ್ ನಂಬರನ್ನು ಯಾರಾದರೂ ಕೂಡುತ್ತಾರಾ? ಕೂಡುವುದು, ಕಳೆಯುವುದು ಇಲ್ಲದಿದ್ದರೆ ಅದು ಟೆಕ್ಸ್ಟ್. ಹಾಗಿದ್ದಾಗ ಮುಂದಿನ ಸೊನ್ನೆ ಉಳಿಯುತ್ತದೆ. ಐಎಫ್‌ಎಸ್‌ಸಿ ಕೋಡ್ ಯಾವ ಬ್ಯಾಂಕಿನದಾದರೂ 11 ಅಕ್ಷರವೇ, ಅದಕ್ಕೇ ಆ ಚೆಕ್. ಆಧಾರ್ ಸಂಖ್ಯೆಗೆ ಕಾಲಂ ಮಾಡಿಲ್ಲ. ಹಾಲಿನ ಲೆಕ್ಕಕ್ಕೆ ಅದು ಬೇಕಾಗಿಲ್ಲ. ಬೇಡದ್ದನ್ನು ಇಟ್ಟುಕೊಂಡರೆ ಕಾಯುವ ಕೆಲಸ ನಮ್ಮ ತಲೆಗೇ ಬರುತ್ತದೆ.

ಹೆಸರಿಗೆ ಹಾಕಿದ ಟ್ರಿಮ್ ಚೆಕ್, ಮುಂದೆ ಹಿಂದೆ ಖಾಲಿ ಜಾಗ ಇರುವ ಹೆಸರನ್ನು ಒಳಗೆ ಬಿಡುವುದಿಲ್ಲ. ಮತ್ತೆ ಹೆಸರಿಗೆ 50 ಅಕ್ಷರ, 20 ಅಕ್ಷರ ಅಂತ ಮಿತಿ ಹಾಕಿಲ್ಲ, ನೋಡಿ. ಕನ್ನಡದಲ್ಲಿ ಆ ಎಣಿಕೆ ಮೋಸ ಮಾಡುತ್ತದೆ. "ಸಿದ್ದಮ್ಮ" ನಮ್ಮ ಕಣ್ಣಿಗೆ ಮೂರಕ್ಷರ: ಸಿ, ದ್ದ, ಮ್ಮ. ಡೇಟಾಬೇಸಿನ ಲೆಕ್ಕದಲ್ಲಿ ಎಂಟು: ಸ, ಗುಡಿಸು, ದ, ವಿರಾಮ, ದ, ಮ, ವಿರಾಮ, ಮ. ಬೈಟ್ ಲೆಕ್ಕ ಹಿಡಿದರೆ 24. ಇಂಗ್ಲಿಷ್ ಹೆಸರಿಗೆ ಸಾಕಾಗುವ ಮಿತಿ ಹಾಕಿ, ಅಪ್ಪನ ಹೆಸರು ಊರಿನ ಹೆಸರು ಸೇರಿದ ಕನ್ನಡ ಹೆಸರು ಅರ್ಧಕ್ಕೆ ನಿಲ್ಲುವುದು ಬಹಳ ಕಡೆ ನಡೆಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಟೆಕ್ಸ್ಟ್ ಬಳಸಿದರೆ ವೇಗವೇನೂ ಕಮ್ಮಿಯಾಗುವುದಿಲ್ಲ. ಧಾರಾಳವಾಗಿ ಬಳಸಿ.

ಸಕ್ರಿಯ ಅನ್ನುವ ಕಾಲಂ ಯಾಕೆ? ಹಸು ಮಾರಿದವರು ಹಾಲು ಹಾಕುವುದು ನಿಲ್ಲಿಸುತ್ತಾರೆ. ಅವರ ಸಾಲನ್ನು ಅಳಿಸಬೇಡಿ. ಅವರು ಹಾಕಿದ ಹಾಲಿನ ಲೆಕ್ಕ ಇನ್ನೂ ಬೇಕು. ಸಕ್ರಿಯ ಅನ್ನುವುದನ್ನು ಫಾಲ್ಸ್ ಮಾಡಿದರೆ ಸಾಕು. ಆರು ತಿಂಗಳಿಗೆ ಹೊಸ ಹಸು ಕಟ್ಟಿ ಮತ್ತೆ ಬಂದರೆ ಟ್ರೂ.

## ಹಾಲಿನ ಟೇಬಲ್

ಇದೇ ಮುಖ್ಯ ಟೇಬಲ್. ಸ್ವಲ್ಪ ನಿಧಾನಕ್ಕೆ ಓದಿ.

```
ಕ್ರಿಯೇಟ್ ಟೇಬಲ್ ಹಾಲು (
  ಹಾಲು_ಐಡಿ   ಬಿಗ್‌ಇಂಟ್ ಜನರೇಟೆಡ್ ಆಲ್ವೇಸ್ ಆಸ್ ಐಡೆಂಟಿಟಿ ಪ್ರೈಮರಿ ಕೀ,
  ಸದಸ್ಯ_ಐಡಿ   ಇಂಟಿಜರ್ ನಾಟ್ ನಲ್
             ರೆಫರೆನ್ಸಸ್ ಸದಸ್ಯರು (ಸದಸ್ಯ_ಐಡಿ) ಆನ್ ಡಿಲೀಟ್ ರೆಸ್ಟ್ರಿಕ್ಟ್,
  ದಿನಾಂಕ     ಡೇಟ್ ನಾಟ್ ನಲ್ ಡಿಫಾಲ್ಟ್ ಕರೆಂಟ್_ಡೇಟ್,
  ಹೊತ್ತು      ಟೆಕ್ಸ್ಟ್ ನಾಟ್ ನಲ್,
  ಬಗೆ        ಟೆಕ್ಸ್ಟ್ ನಾಟ್ ನಲ್,
  ಲೀಟರ್      ನ್ಯೂಮರಿಕ್(6,2) ನಾಟ್ ನಲ್,
  ಫ್ಯಾಟ್      ನ್ಯೂಮರಿಕ್(3,1),
  ಎಸ್ಎನ್ಎಫ್   ನ್ಯೂಮರಿಕ್(3,1),
  ದರ         ನ್ಯೂಮರಿಕ್(6,2) ನಾಟ್ ನಲ್,
  ಮೊತ್ತ       ನ್ಯೂಮರಿಕ್(10,2) ಜನರೇಟೆಡ್ ಆಲ್ವೇಸ್ ಆಸ್ (ಲೀಟರ್ * ದರ) ಸ್ಟೋರ್ಡ್,

  ಕನ್‌ಸ್ಟ್ರೇಂಟ್ ಹೊತ್ತು_ಮಿತಿ ಚೆಕ್ (ಹೊತ್ತು ಇನ್ ('ಬೆಳಗ್ಗೆ', 'ಸಂಜೆ')),
  ಕನ್‌ಸ್ಟ್ರೇಂಟ್ ಬಗೆ_ಮಿತಿ ಚೆಕ್ (ಬಗೆ ಇನ್ ('ಹಸು', 'ಎಮ್ಮೆ')),
  ಕನ್‌ಸ್ಟ್ರೇಂಟ್ ಲೀಟರ್_ಮಿತಿ ಚೆಕ್ (ಲೀಟರ್ > 0 ಆಂಡ್ ಲೀಟರ್ <= 300),
  ಕನ್‌ಸ್ಟ್ರೇಂಟ್ ಫ್ಯಾಟ್_ಮಿತಿ ಚೆಕ್ (ಫ್ಯಾಟ್ ಬಿಟ್ವೀನ್ 2 ಆಂಡ್ 12),
  ಕನ್‌ಸ್ಟ್ರೇಂಟ್ ಒಂದೇ_ಸಲ ಯುನೀಕ್ (ಸದಸ್ಯ_ಐಡಿ, ದಿನಾಂಕ, ಹೊತ್ತು, ಬಗೆ)
);
```

ಕೊನೆಯ ಯುನೀಕ್ ಸಾಲನ್ನು ಮತ್ತೊಮ್ಮೆ ಓದಿ. ಸದಸ್ಯ, ದಿನ, ಹೊತ್ತು, ಬಗೆ. ಹಾಳೆಯ ಮೇಲೆ ಬರೆದ ಆ ವಾಕ್ಯವೇ ಇಲ್ಲಿ ಕೋಡಾಗಿ ಕೂತಿದೆ. ಆಪರೇಟರ್ ಗಡಿಬಿಡಿಯಲ್ಲಿ ಬಟನ್ ಎರಡು ಸಲ ಒತ್ತಿದರೂ ಹಾಲು ಎರಡು ಸಲ ಹತ್ತುವುದಿಲ್ಲ.

ಸದಸ್ಯರ ಹೆಸರು ಈ ಟೇಬಲ್ಲಿನಲ್ಲಿ ಇಲ್ಲವೇ ಇಲ್ಲ. ಐಡಿ ಮಾತ್ರ ಇದೆ. ರೆಫರೆನ್ಸಸ್ ಅನ್ನುವ ಪದ, ಈ ಐಡಿ ಸದಸ್ಯರ ಟೇಬಲ್ಲಿನಲ್ಲಿ ಇರಲೇಬೇಕು ಅಂತ ಕಟ್ಟಿಹಾಕುತ್ತದೆ. ಇದಕ್ಕೆ ಫಾರಿನ್ ಕೀ ಅನ್ನುತ್ತಾರೆ. ಹೀಗೆ ಟೇಬಲ್‌ಗಳ ನಡುವೆ ಸಂಬಂಧ ಇರುವುದರಿಂದಲೇ ರಿಲೇಷನಲ್ ಅನ್ನುವ ಹೆಸರು ಬಂತು ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಎಡ್ಗರ್ ಕಾಡ್ ಐಬಿಎಂನಲ್ಲಿದ್ದಾಗ 1970ರಲ್ಲಿ ಈ ಪದ್ಧತಿಯನ್ನು ಮುಂದಿಟ್ಟರು. ಅವರು ರಿಲೇಷನ್ ಅನ್ನುವ ಪದ ತಂದದ್ದು ಗಣಿತದಿಂದ. ಅಲ್ಲಿ ಅದರ ಅರ್ಥ ಹೆಚ್ಚುಕಮ್ಮಿ ನಾವು ಟೇಬಲ್ ಅನ್ನುವುದೇ.

ಆನ್ ಡಿಲೀಟ್ ರೆಸ್ಟ್ರಿಕ್ಟ್ ಅಂದ್ರೆ, ಹಾಲು ಹಾಕಿದ ದಾಖಲೆ ಇರುವ ತನಕ ಆ ಸದಸ್ಯರನ್ನು ಅಳಿಸಲು ಬಿಡಬೇಡ ಅಂತ. ರೆಸ್ಟ್ರಿಕ್ಟ್ ಜಾಗದಲ್ಲಿ ಕ್ಯಾಸ್ಕೇಡ್ ಅಂತ ಬರೆದಿದ್ದರೆ, ಸದಸ್ಯರನ್ನು ಅಳಿಸಿದ ಕೂಡಲೇ ಅವರ ಅಷ್ಟೂ ವರ್ಷದ ಹಾಲೂ ಹೋಗುತ್ತದೆ. ಕೇಳುವುದೂ ಇಲ್ಲ. ದುಡ್ಡಿನ ಲೆಕ್ಕದ ಹತ್ತಿರ ನಾನು ಕ್ಯಾಸ್ಕೇಡ್ ಬರೆಯುವುದೇ ಇಲ್ಲ.

ದುಡ್ಡಿಗೆ ನ್ಯೂಮರಿಕ್. ಫ್ಲೋಟ್ ಅನ್ನುವ ಟೈಪ್ ಇದೆ, ಅದನ್ನು ಮುಟ್ಟಬೇಡಿ. ಫ್ಲೋಟಿನಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ. ಕಂಪ್ಯೂಟರ್ ಸೊನ್ನೆ, ಒಂದು ಎರಡೇ ಅಂಕಿ ಇರುವ ಬೈನರಿ ಲೆಕ್ಕದಲ್ಲಿ 0.1ನ್ನು ಪೂರ್ತಿ ಹಿಡಿಯಲಾರದು, ಅದಕ್ಕೆ. ಒಂದು ಸಾಲಿನಲ್ಲಿ ಇದು ಕಾಣುವುದಿಲ್ಲ. ಸಾವಿರಾರು ಸಾಲು ಕೂಡಿದಾಗ ಪೈಸೆ ಹೊಂದುವುದಿಲ್ಲ. ಆಡಿಟ್‌ಗೆ ಬಂದವರಿಗೆ ಪೈಸೆಯೂ ಹೊಂದಬೇಕು. ನ್ಯೂಮರಿಕ್(6,2) ಅಂದ್ರೆ ಒಟ್ಟು ಆರು ಅಂಕಿ, ಅದರಲ್ಲಿ ಎರಡು ಪಾಯಿಂಟಿನ ಆಚೆ. ಅಂದ್ರೆ 9999.99ರ ತನಕ.

ದರ ಯಾಕೆ ಈ ಸಾಲಿನಲ್ಲೇ? ಇಲ್ಲಿ ಪುಸ್ತಕ ಓದಿದವರು ಎಡವುತ್ತಾರೆ. ದರ ಬೇರೆ ಪಟ್ಟಿಯಲ್ಲಿ ಇದೆಯಲ್ಲ, ಮತ್ತೆ ಇಲ್ಲಿ ಯಾಕೆ ಬರೆಯಬೇಕು ಅನ್ನುತ್ತಾರೆ. ದರದ ಪಟ್ಟಿ ಇರಲಿ, ಅದಕ್ಕೆ ಇನ್ನೊಂದು ಟೇಬಲ್ ಮಾಡಿ. ಆದರೆ ಇವತ್ತು ಬೆಳಗ್ಗೆ ಸಿದ್ದಮ್ಮನವರಿಗೆ ಹಾಕಿದ ದರ ಇವತ್ತಿನ ಘಟನೆ. ಮುಂದಿನ ತಿಂಗಳು ಪಟ್ಟಿ ಬದಲಾದರೆ ಹಳೆಯ ಚೀಟಿ ಬದಲಾಗಬಾರದು. ಆದ್ದರಿಂದ ಆ ಹೊತ್ತಿನ ದರವನ್ನು ಸಾಲಿನಲ್ಲೇ ಬರೆದಿಡಬೇಕು. ಅದೇ ರೀತಿ ಸರ್ಕಾರದ ಪ್ರೋತ್ಸಾಹಧನವನ್ನು ಈ ದರಕ್ಕೆ ಸೇರಿಸಬೇಡಿ. ಅದು ಬರುವ ದಾರಿ ಬೇರೆ, ಬರುವ ದಿನವೂ ಬೇರೆ.

ಮೊತ್ತವನ್ನು ನಾವು ಬರೆಯುವುದಿಲ್ಲ. ಲೀಟರ್ ಗುಣಿಸು ದರ ಅಂತ ಡೇಟಾಬೇಸೇ ಲೆಕ್ಕ ಹಾಕಿ ಇಡುತ್ತದೆ. ಇದಕ್ಕೆ ಪೋಸ್ಟ್‌ಗ್ರೆಸ್ 12 ಅಥವಾ ಅದಕ್ಕಿಂತ ಹೊಸದು ಬೇಕು.

ಖಾಲಿ ಬೇರೆ, ಸೊನ್ನೆ ಬೇರೆ. ಫ್ಯಾಟ್, ಎಸ್‌ಎನ್‌ಎಫ್ ಎರಡಕ್ಕೂ ನಾಟ್ ನಲ್ ಹಾಕಿಲ್ಲ. ಮರೆತು ಬಿಟ್ಟದ್ದಲ್ಲ. ಕರೆಂಟ್ ಹೋಗಿ ಮೆಷಿನ್ ನಿಂತ ದಿನ ಫ್ಯಾಟ್ ನೋಡಲು ಆಗುವುದಿಲ್ಲ. ಆ ದಿನ ಫ್ಯಾಟ್ ಗೊತ್ತಿಲ್ಲ, ಅಂದ್ರೆ ನಲ್. ಅದಕ್ಕೆ ಸೊನ್ನೆ ಬರೆದರೆ ತಿಂಗಳ ಸರಾಸರಿ ಕೆಳಗೆ ಬಿದ್ದು, ಹಾಲಿಗೆ ನೀರು ಬೆರೆಸಿದ ಅನುಮಾನ ಪಾಪ ಆ ರೈತನ ಮೇಲೆ ಬರುತ್ತದೆ. ಸರಾಸರಿ ತೆಗೆಯುವಾಗ ಡೇಟಾಬೇಸ್ ನಲ್ ಇರುವ ಸಾಲನ್ನು ಬಿಟ್ಟೇ ಲೆಕ್ಕ ಹಾಕುತ್ತದೆ. ಫ್ಯಾಟ್_ಮಿತಿ ಚೆಕ್ ಕೂಡ ನಲ್ ಬಂದರೆ ತಡೆಯುವುದಿಲ್ಲ. ಚೆಕ್ ತಡೆಯುವುದು ಉತ್ತರ "ಸುಳ್ಳು" ಅಂತ ಖಚಿತವಾಗಿ ಬಂದಾಗ ಮಾತ್ರ.

ದಿನಾಂಕದ ಒಂದು ಗುಂಡಿ. ಡಿಫಾಲ್ಟ್ ಕರೆಂಟ್_ಡೇಟ್ ಅಂದ್ರೆ ಏನೂ ಬರೆಯದಿದ್ದರೆ ಇವತ್ತಿನ ತಾರೀಖು ಹಾಕು ಅಂತ. ಆದರೆ ಯಾರ ಇವತ್ತು? ಕ್ಲೌಡಿನಲ್ಲಿ ಬಾಡಿಗೆಗೆ ತಗೊಂಡ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಅನ್ನುವ ಜಾಗತಿಕ ಪ್ರಮಾಣ ಸಮಯದಲ್ಲಿ ಓಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗ್ಗೆ ಐದು ಗಂಟೆಗೆ ಕ್ಯಾನು ತಂದವರ ಹಾಲು ಸರ್ವರಿನ ಲೆಕ್ಕದಲ್ಲಿ ಹಿಂದಿನ ದಿನ ರಾತ್ರಿ ಹನ್ನೊಂದೂವರೆ. ತಾರೀಖು ನಿನ್ನೆಯದು ಬೀಳುತ್ತದೆ. ಐದೂವರೆ ದಾಟಿ ಬಂದವರದು ಸರಿಯಾಗಿರುತ್ತದೆ. ಬೇಗ ಎದ್ದವರಿಗೆ ಮಾತ್ರ ಅನ್ಯಾಯ! ಆದ್ದರಿಂದ ಡೇಟಾಬೇಸ್ ಮಾಡಿದ ದಿನವೇ ಇದನ್ನು ಓಡಿಸಿಬಿಡಿ:

```
ಆಲ್ಟರ್ ಡೇಟಾಬೇಸ್ ಡೈರಿ ಸೆಟ್ ಟೈಮ್‌ಝೋನ್ ಟು 'ಏಷ್ಯಾ/ಕೋಲ್ಕತಾ';
```

ಇಲ್ಲಿ ಏಷ್ಯಾ/ಕೋಲ್ಕತಾ ಅನ್ನುವುದನ್ನೂ ಇಂಗ್ಲಿಷ್ ಅಕ್ಷರದಲ್ಲೇ (Asia/Kolkata) ಟೈಪ್ ಮಾಡಿ. ಆಮೇಲೆ ಒಮ್ಮೆ ಕನೆಕ್ಷನ್ ಬಿಟ್ಟು ಮತ್ತೆ ತೆರೆಯಿರಿ. ಹೊಸ ಕನೆಕ್ಷನ್‌ಗೆ ಮಾತ್ರ ಇದು ಅನ್ವಯಿಸುತ್ತದೆ.

## ಬೇಕಂತಲೇ ತಪ್ಪು ಮಾಡಿ ನೋಡಿ

ಟೇಬಲ್ ಆಯಿತು ಅಂತ ಎದ್ದು ಹೋಗಬೇಡಿ. ಮೊದಲು ಒಬ್ಬ ಸದಸ್ಯರನ್ನು ಸೇರಿಸಿ. ಆಮೇಲೆ ಒಂದು ಸರಿಯಾದ ಸಾಲು:

```
ಇನ್ಸರ್ಟ್ ಇಂಟು ಹಾಲು (ಸದಸ್ಯ_ಐಡಿ, ಹೊತ್ತು, ಬಗೆ, ಲೀಟರ್, ಫ್ಯಾಟ್, ಎಸ್ಎನ್ಎಫ್, ದರ)
ವ್ಯಾಲ್ಯೂಸ್ (1, 'ಬೆಳಗ್ಗೆ', 'ಹಸು', 6.40, 4.1, 8.5, 33.25);
```

ತೆಗೆದು ನೋಡಿದರೆ ಮೊತ್ತ 212.80 ಅಂತ ತಾನೇ ಕೂತಿರುತ್ತದೆ. ಈಗ ಇದೇ ಸಾಲನ್ನು ನಾಲ್ಕು ಥರ ಕೆಡಿಸಿ.

ಸಂಜೆ ಅಂತ ಮಾಡಿ, ಫ್ಯಾಟ್ 4.1ರ ಬದಲು 41 ಹಾಕಿ. ಪಾಯಿಂಟ್ ಒತ್ತುವುದು ಮರೆತರೆ ಆಗುವುದು ಇದೇ. ನ್ಯೂಮರಿಕ್(3,1) ಇದನ್ನು ಹಿಡಿಯುವುದಿಲ್ಲ, ಯಾಕಂದ್ರೆ 41.0 ಮೂರೇ ಅಂಕಿ. ಫ್ಯಾಟ್_ಮಿತಿ ಹಿಡಿಯುತ್ತದೆ, ಮತ್ತು ತಪ್ಪಿನ ಸಂದೇಶದಲ್ಲಿ ಆ ಹೆಸರೇ ಬರುತ್ತದೆ. ಕನ್‌ಸ್ಟ್ರೇಂಟಿಗೆ ಹೆಸರಿಟ್ಟದ್ದು ಇದಕ್ಕೇ.

ಬೆಳಗ್ಗೆ ಬದಲು "ಬೆಳಿಗ್ಗೆ" ಅಂತ ಬರೆಯಿರಿ. ಎರಡೂ ಕನ್ನಡದಲ್ಲಿ ಓಡುತ್ತವೆ. ಪೇಪರಿನಲ್ಲಿ ಒಂದು, ಬಾಯಲ್ಲಿ ಇನ್ನೊಂದು. ಟೇಬಲ್ಲಿನಲ್ಲಿ ಎರಡೂ ಇದ್ದರೆ ಬೆಳಗಿನ ಹಾಲಿನ ಮೊತ್ತ ಯಾವತ್ತೂ ಹೊಂದುವುದಿಲ್ಲ.

ಸದಸ್ಯ ಐಡಿ 999 ಹಾಕಿ. ಅಂಥ ಸದಸ್ಯರಿಲ್ಲ, ಫಾರಿನ್ ಕೀ ತಡೆಯುತ್ತದೆ. ಕೊನೆಗೆ ಸರಿಯಾದ ಸಾಲನ್ನೇ ಇನ್ನೊಂದು ಸಲ ಹಾಕಿ. ಒಂದೇ_ಸಲ ತಡೆಯುತ್ತದೆ.

ಈ ನಾಲ್ಕರಲ್ಲಿ ಒಂದಾದರೂ ಒಳಗೆ ಹೋಯಿತು ಅಂದ್ರೆ ಟೇಬಲ್ಲಿನಲ್ಲಿ ಏನೋ ಬಿಟ್ಟುಹೋಗಿದೆ. ನಾಲ್ಕೂ ನಿಂತವು ಅಂದ್ರೆ ಈಗ ಎಮ್ಮೆ ಹಾಲಿನ ಒಂದು ಸರಿಯಾದ ಸಾಲು ಹಾಕಿ. ಅದಕ್ಕೆ ಐಡಿ 2 ಬರುವುದಿಲ್ಲ, 6 ಬರುತ್ತದೆ. ಸೋತ ನಾಲ್ಕು ಪ್ರಯತ್ನಗಳೂ ಒಂದೊಂದು ನಂಬರ್ ತಿಂದಿವೆ. ಗಾಬರಿ ಬೇಡ, ಅದು ಇರುವುದೇ ಹಾಗೆ. ಐಡಿಯನ್ನು ರಸೀದಿ ನಂಬರಾಗಿ ಬಳಸಬೇಡಿ ಅಂತ ಹೇಳುವುದೂ ಇದಕ್ಕೇ. ರಸೀದಿ ನಡುವೆ ನಂಬರ್ ಬಿಟ್ಟರೆ ಆಡಿಟರ್ ಸುಮ್ಮನಿರುತ್ತಾರಾ?

## ಬಟವಾಡೆ, ಮತ್ತು ಓಡುತ್ತಿರುವ ಟೇಬಲ್ಲನ್ನು ತಿದ್ದುವುದು

```
ಕ್ರಿಯೇಟ್ ಟೇಬಲ್ ಬಟವಾಡೆ (
  ಬಟವಾಡೆ_ಐಡಿ  ಇಂಟಿಜರ್ ಜನರೇಟೆಡ್ ಆಲ್ವೇಸ್ ಆಸ್ ಐಡೆಂಟಿಟಿ ಪ್ರೈಮರಿ ಕೀ,
  ಸದಸ್ಯ_ಐಡಿ    ಇಂಟಿಜರ್ ನಾಟ್ ನಲ್ ರೆಫರೆನ್ಸಸ್ ಸದಸ್ಯರು (ಸದಸ್ಯ_ಐಡಿ),
  ಇಂದ         ಡೇಟ್ ನಾಟ್ ನಲ್,
  ವರೆಗೆ        ಡೇಟ್ ನಾಟ್ ನಲ್,
  ಪಾವತಿ_ದಿನ    ಡೇಟ್,
  ಚೆಕ್ (ವರೆಗೆ >= ಇಂದ),
  ಯುನೀಕ್ (ಸದಸ್ಯ_ಐಡಿ, ಇಂದ)
);
```

ಪಾವತಿ_ದಿನ ಖಾಲಿ ಇದ್ದರೆ ದುಡ್ಡು ಇನ್ನೂ ಹೋಗಿಲ್ಲ ಅಂತ ಅರ್ಥ. ಈಗ ಯಾವ ಹಾಲಿನ ದುಡ್ಡು ಯಾವ ಬಟವಾಡೆಯಲ್ಲಿ ಹೋಯಿತು ಅಂತ ಗೊತ್ತಾಗಬೇಕಲ್ಲ? ಅದಕ್ಕೆ ಹಾಲಿನ ಟೇಬಲ್ಲಿಗೆ ಒಂದು ಕಾಲಂ ಸೇರಿಸೋಣ. ಟೇಬಲ್ ಒಡೆದು ಮತ್ತೆ ಕಟ್ಟಬೇಕಾಗಿಲ್ಲ:

```
ಬಿಗಿನ್;
ಆಲ್ಟರ್ ಟೇಬಲ್ ಹಾಲು
  ಆಡ್ ಕಾಲಂ ಬಟವಾಡೆ_ಐಡಿ ಇಂಟಿಜರ್ ರೆಫರೆನ್ಸಸ್ ಬಟವಾಡೆ (ಬಟವಾಡೆ_ಐಡಿ);
ಕಮಿಟ್;
```

ಒಂದು ಸಾಲಿನ ಹಾಲಿಗೆ ಒಂದೇ ಬಟವಾಡೆ ಐಡಿ ಹಿಡಿಸುತ್ತದೆ. ಹಾಗಾಗಿ ಒಂದೇ ಹಾಲನ್ನು ಒಟ್ಟಿಗೇ ಎರಡು ಬಟವಾಡೆಗೆ ಸೇರಿಸಲು ದಾರಿಯೇ ಇಲ್ಲ. ಖಾಲಿ ಇರುವ ಸಾಲುಗಳೇ ಬಾಕಿ. ಹೊಸ ಕಾಲಮಿಗೆ ನಾಟ್ ನಲ್ ಹಾಕಿದ್ದರೆ ಪೋಸ್ಟ್‌ಗ್ರೆಸ್ ಒಪ್ಪುತ್ತಿರಲಿಲ್ಲ. ಈಗಾಗಲೇ ಇರುವ ಸಾಲುಗಳಿಗೆ ಏನು ತುಂಬಲಿ ಅಂತ ಕೇಳುತ್ತದೆ, ನ್ಯಾಯವೇ.

ಬಿಗಿನ್ ಮತ್ತು ಕಮಿಟ್ ನಡುವೆ ಬರೆದದ್ದು ನನ್ನ ಅಭ್ಯಾಸ. ಮಧ್ಯದಲ್ಲಿ ಏನಾದರೂ ಕೆಟ್ಟರೆ ಕಮಿಟ್ ಬದಲು ರೋಲ್‌ಬ್ಯಾಕ್ ಅಂದರಾಯಿತು, ಟೇಬಲ್ ಮೊದಲಿನಂತೆ. ಮೈಎಸ್‌ಕ್ಯೂಎಲ್‌ನಲ್ಲಿ (ಇದು ಇನ್ನೊಂದು ಡೇಟಾಬೇಸ್) ಈ ಸೌಕರ್ಯ ಇಲ್ಲ. ಅಲ್ಲಿ ಆಲ್ಟರ್ ಟೇಬಲ್ ಅಂದ ಕೂಡಲೇ ಕೆಲಸ ಖಾಯಂ.

ಇನ್ನೊಂದು ಸಣ್ಣ ಕೆಲಸ ಇಂಡೆಕ್ಸ್, ಅಂದ್ರೆ ಸಾಲುಗಳನ್ನು ಬೇಗ ಹುಡುಕಲು ಇಡುವ ಸೂಚಿ. ಪೋಸ್ಟ್‌ಗ್ರೆಸ್ ಪ್ರೈಮರಿ ಕೀಗೂ ಯುನೀಕ್‌ಗೂ ತಾನೇ ಇಂಡೆಕ್ಸ್ ಮಾಡುತ್ತದೆ. ಫಾರಿನ್ ಕೀಗೆ ಮಾಡುವುದಿಲ್ಲ. ಹಾಲಿನ ಟೇಬಲ್ಲಿನ ಸದಸ್ಯ_ಐಡಿಗೆ ಚಿಂತೆಯಿಲ್ಲ, ಯುನೀಕ್‌ನಲ್ಲಿ ಅದೇ ಮೊದಲು ಇದೆ. ಬಟವಾಡೆ_ಐಡಿಗೆ ಮಾತ್ರ ನಾವೇ ಮಾಡಬೇಕು:

```
ಕ್ರಿಯೇಟ್ ಇಂಡೆಕ್ಸ್ ಆನ್ ಹಾಲು (ಬಟವಾಡೆ_ಐಡಿ);
```

## ಬೇರೆ ಡೇಟಾಬೇಸ್ ಬಳಸುವವರಿಗೆ

ಎಸ್‌ಕ್ಯೂಲೈಟ್‌ನಲ್ಲಿ ಇದರಲ್ಲಿ ಬಹುಪಾಲನ್ನು ಮಾಡಬಹುದು, ಒಂದೇ ಕಂಪ್ಯೂಟರಿನ ಡೈರಿಗೆ ಅದು ಸಾಕು ಕೂಡ. ಆದರೆ ಅಲ್ಲಿ ಫಾರಿನ್ ಕೀ ಬರೆದರೂ ಸಾಮಾನ್ಯವಾಗಿ ಮಲಗಿರುತ್ತದೆ. ಪ್ರತಿ ಸಲ ಕನೆಕ್ಷನ್ ತೆರೆದಾಗ "ಪ್ರಾಗ್ಮಾ ಫಾರಿನ್_ಕೀಸ್ = ಆನ್" ಅಂತ ಎಬ್ಬಿಸಬೇಕು. ನ್ಯೂಮರಿಕ್ ಅಂತ ಬರೆದರೂ ಪಾಯಿಂಟ್ ಇರುವ ಸಂಖ್ಯೆಯನ್ನು ಒಳಗೆ ಅದು ಫ್ಲೋಟಾಗಿಯೇ ಇಡುತ್ತದೆ, ಆದ್ದರಿಂದ ದುಡ್ಡನ್ನು ಪೈಸೆ ಲೆಕ್ಕದಲ್ಲಿ ಇಂಟಿಜರ್ ಆಗಿ ಇಡಿ.

ಮೈಎಸ್‌ಕ್ಯೂಎಲ್ ಆದರೆ 8.0.16 ಅಥವಾ ಅದಕ್ಕಿಂತ ಹೊಸದಾ ಅಂತ ಖಾತ್ರಿ ಮಾಡಿಕೊಳ್ಳಿ. ಅದಕ್ಕೂ ಹಳೆಯದು ಚೆಕ್ ಅನ್ನು ಓದಿ, ತಲೆಯಾಡಿಸಿ, ಏನೂ ಮಾಡದೆ ಬಿಟ್ಟುಬಿಡುತ್ತಿತ್ತು. ಫ್ಯಾಟ್ 41 ಆರಾಮಾಗಿ ಒಳಗೆ ಹೋಗುತ್ತಿತ್ತು. ಅದಕ್ಕೇ ಮೇಲಿನ ನಾಲ್ಕು ತಪ್ಪುಗಳನ್ನು ನಿಮ್ಮ ಡೇಟಾಬೇಸಿನಲ್ಲೇ ಮಾಡಿ ನೋಡಿ.

## ಕೊನೆಗೆ, ಒಂದು ಪ್ರಿಂಟ್

ಪಿಜಿ_ಡಂಪ್ ಅನ್ನುವ ಸಾಧನಕ್ಕೆ "ಸ್ಕೀಮಾ ಓನ್ಲಿ" ಅಂತ ಹೇಳಿದರೆ ಸಾಲುಗಳನ್ನು ಬಿಟ್ಟು ಟೇಬಲ್‌ಗಳ ರಚನೆಯನ್ನಷ್ಟೇ ಒಂದು ಫೈಲಿಗೆ ಬರೆದುಕೊಡುತ್ತದೆ. ದಿನಾ ತೆಗೆಯುವ ಪೂರ್ತಿ ಬ್ಯಾಕಪ್ ಬೇರೆ, ಇದು ಬೇರೆ. ಇದನ್ನು ಪ್ರಿಂಟ್ ಹಾಕಿ, ಪ್ರತಿ ಟೇಬಲ್ಲಿನ ಪಕ್ಕ ಆ ಒಂದು ವಾಕ್ಯವನ್ನು ಕೈಯಲ್ಲಿ ಬರೆದು ಡೈರಿಯ ಬೀರುವಿನಲ್ಲಿ ಇಟ್ಟು ಬಂದಿದ್ದೆ.

ಹೋದ ಸಲ ಹೋದಾಗ ನೋಡಿದರೆ, ಬಗೆ_ಮಿತಿ ಅನ್ನುವ ಸಾಲಿನ ಪಕ್ಕ ಕಾರ್ಯದರ್ಶಿಯವರು ಪೆನ್ಸಿಲ್ಲಿನಲ್ಲಿ ಗೀಚಿದ್ದರು: "ಎರಡೂ ಬೆರೆಸಿ ತಂದರೆ?" ಅಲ್ಲೇ ಕೂತು ಇದನ್ನು ಓಡಿಸಿದೆ:

```
ಬಿಗಿನ್;
ಆಲ್ಟರ್ ಟೇಬಲ್ ಹಾಲು ಡ್ರಾಪ್ ಕನ್‌ಸ್ಟ್ರೇಂಟ್ ಬಗೆ_ಮಿತಿ;
ಆಲ್ಟರ್ ಟೇಬಲ್ ಹಾಲು ಆಡ್ ಕನ್‌ಸ್ಟ್ರೇಂಟ್ ಬಗೆ_ಮಿತಿ
  ಚೆಕ್ (ಬಗೆ ಇನ್ ('ಹಸು', 'ಎಮ್ಮೆ', 'ಮಿಶ್ರ'));
ಕಮಿಟ್;
```